ಮೇಷ್ಟ್ರು, ಮರ, ಮತ: ಒಂದು ತ್ರಿಕೂಟ ವಿಮರ್ಶೆ

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ ತ್ರಿಕೂಟ: ಮೂರು ಗರ್ಭಗುಡಿ, ಒಂದೇ ನವರಂಗ. ಅರಸೀಕೆರೆ ಸೀಮೆಯ ಗ್ರಾಮ ಪಂಚಾಯಿತಿ ಚುನಾವಣೆಯ ವಾಸ್ತುವೂ ಇದೇ ಎಂಬುದು ನಮ್ಮ ಪ್ರತಿಜ್ಞೆ. ಒಂದರಲ್ಲಿ ಹಾಲಿ ಸದಸ್ಯ, ಇನ್ನೊಂದರಲ್ಲಿ ಮಾಜಿ, ಮೂರನೆಯದರಲ್ಲಿ ಹೊಂಗೆಸಸಿ ಹಿಡಿದ ನಿವೃತ್ತ ಮೇಷ್ಟ್ರು. ಭಕ್ತರು ಮೂವರಿಗೂ ಕೈಮುಗಿಯುತ್ತಾರೆ. ಪ್ರಸಾದ ಸಿಗುವುದು ಮೊದಲೆರಡು ಕಡೆ ಮಾತ್ರ.

ಸೀಮೆಸುಣ್ಣದ ತುಂಡನ್ನು ಕೊನೆಯ ಬೆಂಚಿಗೆ ಗುರಿ ತಪ್ಪದೆ ಎಸೆಯುವ ಮೇಷ್ಟ್ರ ಕಲೆಯೇ ಜಾವಗಲ್ ಶ್ರೀನಾಥರ ವೇಗಕ್ಕೆ ಮೂಲ ಎಂದು ಸಾಧಿಸಹೊರಟಿದ್ದೆವು. ಅವರು ಹುಟ್ಟಿದ್ದು ಮೈಸೂರಿನಲ್ಲಿ ಎಂಬ ಕ್ಷುಲ್ಲಕ ಅಡ್ಡಿಯಿಂದ ಆ ಅಧ್ಯಾಯ ಬಿಟ್ಟುಹೋಗಿದೆ.

ಪೂರ್ವಪಕ್ಷ: ಕಾಯಿದೆಯ ಲೆಕ್ಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಷ್ಟು ಜನರಲ್ಲಿ ಮೇಷ್ಟ್ರ ಹತ್ತಿರ ಕಾಗುಣಿತ ಕಲಿಯದ ಮನೆಯಿಲ್ಲ. ಆದ್ದರಿಂದ ಗೆಲುವು ಖಚಿತ.

ಸಿದ್ಧಾಂತ: ಆದ್ದರಿಂದಲೇ ಸೋಲು ಖಚಿತ. ಪೆಟ್ಟು ತಿಂದವರು ಈ ದಿನಕ್ಕಾಗಿಯೇ ಕಾದಿದ್ದರು. ಪೆಟ್ಟು ತಿನ್ನದವರಿಗೆ, ಮೇಷ್ಟ್ರು ನಮ್ಮನ್ನು ಗಮನಿಸಲೇ ಇಲ್ಲ ಎಂಬ ಕೊರಗು. ಎದುರಾಳಿಯೂ ಶಿಷ್ಯನೇ, ನಾಮಪತ್ರದ ದಿನ ಕಾಲಿಗೆ ಬಿದ್ದ. ಮೇಷ್ಟ್ರು ಅಭ್ಯಾಸಬಲದಿಂದ "ಪಾಸಾಗಪ್ಪ" ಅಂದುಬಿಟ್ಟರು.

ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದೇಶ ಪಾಲಿಸಿದವರು ಮೇಷ್ಟ್ರೊಬ್ಬರೇ ಆದ್ದರಿಂದ, ಅವರು ನಿಂತಿದ್ದಾರೋ ಇಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಕಡೆಯವರೆಗೂ ಭಿನ್ನಾಭಿಪ್ರಾಯವಿತ್ತು. ಇನ್ನು ಮರದ ವಿಷಯ. ಊರಿಗೆ ನೆರಳು ಬೇಕು ಎಂಬುದರಲ್ಲಿ ಒಮ್ಮತವಿದೆ. ಅದು ಪಕ್ಕದ ಮನೆಯ ಮುಂದೆ ಬೀಳಬೇಕು. "ನಮ್ ಬಾಗ್ಲಲ್ಲಿ ಬ್ಯಾಡ ಮೇಷ್ಟ್ರೆ, ಕರೆಂಟ್ ತಂತಿಗೆ ತಾಗ್ತದೆ."

ಹಸಿರು ಹಿಡಿದು ನಿಂತವರು ಸೋಲುವುದಕ್ಕೆ ಘನವಾದ ಪೂರ್ವನಿದರ್ಶನವಿದೆ. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಜ್ಞಾನಪೀಠಕ್ಕೇ ಸಿಗದ್ದು ಹೆಡ್‌ಮಾಸ್ಟರ್ ಪಿಂಚಣಿಗೆ ಸಿಕ್ಕೀತೆ? ಅರಳಿಕಟ್ಟೆಯ ಮೀಮಾಂಸಕರ ವ್ಯಾಖ್ಯಾನ ಇನ್ನೂ ಸೂಕ್ಷ್ಮ: "ಮೇಷ್ಟ್ರು ಬೋ ಒಳ್ಳೇರು ಕಣ್ಲಾ. ಗೆಲ್ಸಿ ಯಾಕ್ ಕೆಡ್ಸಾದು?"

ಇಷ್ಟಾದರೂ ಮತಗಳು ಬಿದ್ದವು ಎಂಬುದು ಎಣಿಕೆಯಲ್ಲಿ ಹೊರಬಿದ್ದ ಅಚ್ಚರಿ. ನಮ್ಮ ಕಡೆ ಪಂಚಾಯಿತಿಗೆ ಇನ್ನೂ ಕಾಗದದ ಮತಪತ್ರ. ಬಾಣದ ಮುದ್ರೆಯನ್ನೇ ಒತ್ತಬೇಕು. ಕೃತಜ್ಞ ಶಿಷ್ಯರು ಮುದ್ರೆಯನ್ನು ಬದಿಗಿಟ್ಟು, ಮೇಷ್ಟ್ರ ಹೆಸರಿನ ಮುಂದೆ ಪೆನ್ನಿನಲ್ಲಿ ನೀಟಾಗಿ ರೈಟ್ ಹಾಕಿದ್ದರು. ಕೆಲವರು ಹತ್ತಕ್ಕೆ ಹತ್ತು ಅಂಕವನ್ನೂ ಕೊಟ್ಟಿದ್ದರು. ಅವೆಲ್ಲ ತಿರಸ್ಕೃತ. ಏಜೆಂಟ್ ಜಗಳಕ್ಕೆ ಎದ್ದಾಗ ಅವನನ್ನು ಕೂರಿಸಿದವರು ಮೇಷ್ಟ್ರೇ. ಸೇವೆಯಲ್ಲಿದ್ದಷ್ಟು ಕಾಲ ಚುನಾವಣೆ ಡ್ಯೂಟಿ ಮಾಡಿದವರು. ಆ ಮತಗಳು ಯಾವ ನಿಯಮದಡಿ ಅಸಿಂಧು ಎಂದು ಅಧಿಕಾರಿಗೆ ತಾವೇ ಬಿಡಿಸಿ ಹೇಳಿದರು, ಎರಡು ಸಲ.