ಬ್ಯಾಂಕಾಕ್ ಅಂಕಲ್

ತುಮಕೂರಿನ ಬಟವಾಡಿಯ ಪ್ರತಿ ಕ್ರಾಸಿಗೂ ಈಚೆಗೆ ಒಬ್ಬ ಬ್ಯಾಂಕಾಕ್ ಅಂಕಲ್ ಸಿಗುತ್ತಾರೆ. ಮಗನೋ ಅಳಿಯನೋ ಟಿಕೆಟ್ ಮಾಡಿಸಿ ಪ್ಯಾಕೇಜ್ ಟೂರಿಗೆ ಕಳಿಸಿರುತ್ತಾನೆ. ಊರ ಹೆಸರು ಕೇಳಿದೊಡನೆ ಎದುರಿನವರ ತುಟಿ ಕೊಂಕುವುದು ಗೊತ್ತಿರುವುದರಿಂದ, ಯಾರೂ ಕೇಳದಿದ್ದರೂ "ಮನೆಯವರ ಜೊತೇಲೇ ಹೋಗಿದ್ದೆ ಕಣಪ್ಪ" ಎಂದು ಮೊದಲೇ ಸೇರಿಸುತ್ತಾರೆ.

ನಮ್ಮ ಕ್ರಾಸಿನ ಅಂಕಲ್ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಅಂಕಲ್ ಕೈಯ ವಾಚು ಮಾತ್ರ ಓಡುತ್ತಲೇ ಇದೆ, ಈಗ ಒಂದೂವರೆ ಗಂಟೆ ಮುಂದೆ. ಬ್ಯಾಂಕಾಕ್ ಟೈಮು! ನಾವು ಎಂಟೂವರೆಗೆ ಕಾಫಿ ಕುಡಿಯುತ್ತಿದ್ದರೆ, "ಅಲ್ಲೀಗ ಹತ್ತು, ಬಫೆ ಎತ್ತೋ ಹೊತ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಆ ಬಫೆಯಲ್ಲಿ ಅವರು ಮುಟ್ಟಿದ್ದು ಬ್ರೆಡ್ಡು, ಕಲ್ಲಂಗಡಿ ಎರಡೇ. ಮಿಕ್ಕ ಪ್ರವಾಸವೆಲ್ಲ ನಡೆದದ್ದು ಆಂಟಿ ಕಟ್ಟಿಕೊಂಡು ಹೋದ ಅವಲಕ್ಕಿ, ಚಟ್ನಿಪುಡಿಯ ಮೇಲೆ.

ವಾಟ್ ಫೋ ದೇಗುಲದಲ್ಲಿ 46 ಮೀಟರ್ ಉದ್ದಕ್ಕೆ ಮಲಗಿರುವ ಬುದ್ಧನ ಬಗ್ಗೆ ಕೇಳಿದರೆ, "ಇದಾನೆ, ಮಲಗಿದಾನೆ" ಎಂದು ಮುಗಿಸಿಬಿಡುತ್ತಾರೆ. ಹೋಟೆಲಿನ ಹುಡುಗರ ಮಾತು ಬಂತೋ, ಮಾತಿಗೆ ಬ್ರೇಕಿಲ್ಲ. "ಮೂಗಿನ ಹತ್ರ ಕೈ ಮುಗಿದು, ತಲೆ ಬಗ್ಗಿಸಿ 'ಸವಾದೀ ಖ್ರಾಪ್' ಅಂತಾರೆ! ಟವಲ್ಲಲ್ಲೇ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸ್ತಾರೆ! ರಾತ್ರಿ ಮಾತ್ರೆಗೆ ಬಿಸಿನೀರು ಅಂತ ಸನ್ನೆ ಮಾಡಿದೆ, ಮಾರನೇ ದಿನ ಕೇಳೋಕೆ ಮುಂಚೇನೇ ಫ್ಲಾಸ್ಕು ಹಾಜರ್!"

ಅಲ್ಲಿಂದೀಚೆಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಅವರಿಗೆ ರುಚಿಸುತ್ತಿಲ್ಲ. "ಇಡ್ಲಿ ಮೆತ್ತಗಿದೆ, ಕೊಡೋನು ಗಟ್ಟಿ" ಎನ್ನುತ್ತಾರೆ. ಆ ಸಪ್ಲೈಯರೋ ಇವರು ಬಾಗಿಲಲ್ಲಿ ಕಂಡೊಡನೆ "ಒಂದು ಬೆಣ್ಣೆ ಇಲ್ದೇ, ಒಂದು ಸಕ್ಕರೆ ಇಲ್ದೇ" ಎಂದು ಒಳಗೆ ಕೂಗುವವನು. ಇವರ ಬಿಪಿ, ಶುಗರ್ ಎರಡೂ ಅವನಿಗೆ ಬಾಯಿಪಾಠ. ಆದರೆ ಕೈ ಮುಗಿಯುವುದಿಲ್ಲವಲ್ಲ! ಕೈಯಲ್ಲಿ ಆರು ಪ್ಲೇಟು ಹಿಡಿದವನು ಹೇಗೆ ಮುಗಿದಾನು?

ಅಂಕಲ್‌ನ ಮೋಹಕ್ಕೂ ಕಾರಣವಿದೆ. ಸರ್ವಿಸ್ ಪೂರ್ತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸಣ್ಣಸಣ್ಣ ಚಕ್ರಗಳ ಮುಂದೆ ಬಗ್ಗಿದವರು, ಬಿಡುವಾದಾಗ ಸೂಪರ್‌ವೈಸರ್ ಮುಂದೆ ಬಗ್ಗಿದವರು. ತಮ್ಮೆದುರು ಇನ್ನೊಬ್ಬರು ಬಗ್ಗಿದ್ದನ್ನು ಅವರು ಮೊದಲು ಕಂಡದ್ದು ಬ್ಯಾಂಕಾಕಿನಲ್ಲೇ. "ಅವರು ನಗೋಕೆ ಸಂಬಳ ತಗೊಳ್ತಾರ್ರೀ" ಎಂದು ಆಂಟಿ ಚುಚ್ಚಿದರೆ, "ನಮ್ಮ ಸೂಪರ್‌ವೈಸರ್‌ಗೂ ಸಂಬಳ ಬರ್ತಿತ್ತು ಕಣೇ, ನಕ್ಕಿದ್ನಾ?" ಎನ್ನುತ್ತಾರೆ.

ಬದಲಾವಣೆ ನಮ್ಮಿಂದಲೇ ಶುರುವಾಗಲಿ ಎಂದು ಅಂಕಲ್ ಈಗ ಹಾಲಿನವನಿಗೆ, ಆಟೋದವರಿಗೆ, ಕಸದ ಗಾಡಿಯವರಿಗೆ ಮೂಗಿನ ಹತ್ತಿರ ಕೈ ಮುಗಿದು ತಲೆ ಬಗ್ಗಿಸತೊಡಗಿದ್ದಾರೆ. ಬಟವಾಡಿಯಲ್ಲಿ ಕಾರಣವಿಲ್ಲದೆ ಕೈ ಮುಗಿಯುವವರು ಯಾರೆಂದು ಜನಕ್ಕೆ ಗೊತ್ತಿಲ್ಲವೇ? "ಯಾವ ವಾರ್ಡು ಸಾರ್? ಪಾರ್ಟಿ ಟಿಕೆಟ್ಟೋ, ಪಕ್ಷೇತರವೋ?" ಎಂದು ಕೇಳಲು ಶುರುಮಾಡಿದರು. ಅಂಕಲ್ ಇಲ್ಲವೆಂದಷ್ಟೂ ಅನುಮಾನ ಗಟ್ಟಿಯಾಯಿತು.

ಈಗ ಬೆಳಗಾದರೆ ಗೇಟಿನ ಮುಂದೆ ಜನ. ಒಬ್ಬರಿಗೆ ಬೀದಿದೀಪ ಬೇಕು, ಇನ್ನೊಬ್ಬರಿಗೆ ಮೋರಿ ಮೇಲಿನ ಕಲ್ಲು ಚಪ್ಪಡಿ. ಅಂಕಲ್ ಎಲ್ಲರನ್ನೂ ಕೂರಿಸಿ, ವೆಲ್‌ಕಮ್ ಡ್ರಿಂಕ್ ಎಂದು ನಿಂಬೆಹಣ್ಣಿನ ಪಾನಕ ಕೊಡಿಸುತ್ತಾರೆ. ಪಾನಕ ಮಾಡಿ ತರುವವರು ಆಂಟಿ. ನಗುವ ಕೆಲಸವನ್ನು ಅವರಿನ್ನೂ ಒಪ್ಪಿಕೊಂಡಿಲ್ಲ.