ಅರ್ಥಚ್ಛಾಯೆಯ ಸಾಹೇಬರು

ಇಂಗ್ಲಿಷ್‌ನಲ್ಲಿ ವ್ಯವಹಾರ ನಡೆಯುವ ಕಚೇರಿಗಳಲ್ಲಿ ಒಬ್ಬರಾದರೂ ಅರ್ಥಚ್ಛಾಯೆಯ ಸಾಹೇಬರು ಇದ್ದೇ ಇರುತ್ತಾರೆ. ಯಾರೋ ಪಾಪದವರು ಸುತ್ತೋಲೆ ಓದಿ ‘ವೇಗ್ ಆಗಿದೆ’ ಅಂದರೆ ಸಾಕು, ಕನ್ನಡಕ ಹಣೆಗೇರುತ್ತದೆ: ‘ವೇಗ್ ಅಲ್ಲಪ್ಪಾ, ಆಂಬಿಗ್ಯುಯಸ್!’ ರಜೆ ಸೋಮವಾರವೋ ಮಂಗಳವಾರವೋ ಎಂಬ ಮೂಲ ಪ್ರಶ್ನೆ ಅಲ್ಲಿಗೆ ಅನಾಥ. ಅಬ್‌ಸ್ಕ್ಯೂರ್, ಕ್ರಿಪ್ಟಿಕ್, ಎನಿಗ್ಮ್ಯಾಟಿಕ್, ಒಪೇಕ್ ಒಂದೊಂದಕ್ಕೂ ಅವರಲ್ಲಿ ಬೇರೆ ಬೇರೆ ಡಬ್ಬಿ. ಎದುರಿನವರ ಕಾಫಿ ಆರಿದರೂ ಡಬ್ಬಿಗಳು ಮುಗಿಯುವುದಿಲ್ಲ. ವಂಶವೇನೋ ದೊಡ್ಡದು. ಇಂಗ್ಲೆಂಡಿನ ಜಾರ್ಜ್ ಕ್ರ್ಯಾಬ್ 1816ರಲ್ಲೇ ಸಮಾನಾರ್ಥಕ ಪದಗಳ ಭೇದ ಬಿಡಿಸುವ ದಪ್ಪ ಪುಸ್ತಕ ತಂದಿದ್ದ. 1852ರಲ್ಲಿ ಥೆಸಾರಸ್ ಹೊರತಂದ ವೈದ್ಯ ರೋಜೆ ಮಾತ್ರ ಪದಗಳನ್ನು ಸಾಲಾಗಿ ಕೂರಿಸಿ, ಅರ್ಥ ಹೇಳುವ ಗೋಜಿಗೇ ಹೋಗಲಿಲ್ಲ. ಸಾಹೇಬರಿಗೆ ರೋಜೆಯನ್ನು ಕಂಡರಾಗದು.

ಇದೆಲ್ಲ ಕೆಲಸವಿಲ್ಲದವರ ಕಸುಬು ಎನ್ನುವವರಿದ್ದಾರೆ. ಅವರು 1864ರ ರಾಫಲ್ಸ್–ವಿಚೆಲ್‌ಹೌಸ್ ಮೊಕದ್ದಮೆಯನ್ನು ನೋಡಬೇಕು. ಬೊಂಬಾಯಿಯಿಂದ ಲಿವರ್‌ಪೂಲ್‌ಗೆ ‘ಪೀರ್‌ಲೆಸ್’ ಹಡಗಿನಲ್ಲಿ ಸೂರತ್ ಹತ್ತಿ ಬರಬೇಕೆಂದು ಕರಾರು. ಆ ಹೆಸರಿನ ಹಡಗುಗಳು ಎರಡು. ಒಂದು ಅಕ್ಟೋಬರಿನಲ್ಲಿ ಹೊರಟಿತು, ಇನ್ನೊಂದು ಡಿಸೆಂಬರಿನಲ್ಲಿ. ಕೊಂಡವನ ಮನಸ್ಸಿನಲ್ಲಿದ್ದದ್ದು ಮೊದಲನೆಯದು, ಮಾರಿದವನ ಮನಸ್ಸಿನಲ್ಲಿದ್ದದ್ದು ಎರಡನೆಯದು. ಇದು ವೇಗ್ ಅಲ್ಲ. ಇಬ್ಬರಿಗೂ ಅರ್ಥ ನಿಚ್ಚಳವಾಗಿಯೇ ಇತ್ತು, ಎರಡೂ ಬೇರೆ ಅಷ್ಟೆ. ಡಿಸೆಂಬರಿನ ಹತ್ತಿ ಬೇಡವೆಂದ ಕೊಳ್ಳುಗನೇ ಕೊನೆಗೆ ಗೆದ್ದ.

ಸಾಹೇಬರ ಜೊತೆ ತಕರಾರು ಇರುವುದು ಬೇರೆ ಕಡೆ. ಅವರು ವ್ಯತ್ಯಾಸವನ್ನು ಲ್ಯಾಟಿನ್, ಗ್ರೀಕ್ ಬೇರುಗಳಲ್ಲಿ ಅಗೆಯುತ್ತಾರೆ. ಬಳಕೆಯಲ್ಲಿ ಈ ಪದಗಳು ಅಳೆಯುವುದು ಮಬ್ಬನ್ನಲ್ಲ, ತಪ್ಪು ಯಾರದು ಎಂಬುದನ್ನು. ವೇಗ್ ಅಂದರೆ ಬರೆದವನ ತಪ್ಪು. ಅಬ್‌ಸ್ಟ್ರೂಸ್ ಅಂದರೆ ಓದುವವನ ಬುದ್ಧಿ ಸಾಲದು. ಕ್ರಿಪ್ಟಿಕ್ ಅನ್ನುವಾಗ, ಬೇಕೆಂದೇ ಬಚ್ಚಿಟ್ಟಿದ್ದಾನೆಂಬ ಗುಮಾನಿ. ಅದಕ್ಕೇ ಗುಮಾಸ್ತ ಬರೆದ ಟಿಪ್ಪಣಿ ವೇಗ್ ಆಗುತ್ತದೆ, ಅಂಥದ್ದನ್ನೇ ನಿರ್ದೇಶಕರು ಬರೆದರೆ ಅಬ್‌ಸ್ಟ್ರೂಸ್. ನಿಘಂಟಿನಲ್ಲಿ ಹೀಗೆಲ್ಲ ಇಲ್ಲವಲ್ಲ ಎಂದು ಸಾಹೇಬರು ಕೇಳಬಹುದು. ನಿಘಂಟಿಗೆ ಮೇಲಧಿಕಾರಿ ಇರುವುದಿಲ್ಲ, ಸ್ವಾಮಿ.

ನ್ಯಾಯಾಲಯಗಳೂ ಈ ಲೆಕ್ಕವನ್ನು ಬಲ್ಲವು. ವಿಮೆಯ ಷರತ್ತಿಗೆ ನಿಜವಾಗಿ ಎರಡು ಅರ್ಥ ಹೊರಟರೆ, ಬರೆದ ಕಂಪನಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯುವ ಪದ್ಧತಿ ನಮ್ಮಲ್ಲೂ ಉಂಟು. ಆಗ ಕಂಪನಿಯ ವಕೀಲರ ಪಾಲಿಗೆ ಆ ಷರತ್ತು ಸೂರ್ಯನಷ್ಟು ಸ್ಪಷ್ಟ. ಇಂಥ ಕಡೆ ಬೇಕಾಗುವುದು ಸಾಹೇಬರ ಕಣ್ಣೇ. ಊಟದ ಹೊತ್ತಿನಲ್ಲಿ ಅವರನ್ನು ಕಂಡರೆ ಮೆಟ್ಟಿಲಿಳಿದು ಮಾಯವಾಗುವವರು, ಮನೆ ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಅವರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅವರೂ ಬೇಡವೆನ್ನುವುದಿಲ್ಲ, ಬೆರಳಿಟ್ಟು ಸಣ್ಣ ಅಕ್ಷರದ ಸಾಲನ್ನೂ ಬಿಡದೆ ಓದುತ್ತಾರೆ, ಜೊತೆಗೆ ಗ್ರೀಕ್ ಪಾಠವನ್ನೂ ಒಪ್ಪಿಸುತ್ತಾರೆ.