ನಾಲ್ವರ ಚಾನೆಲ್ಲು, ಮೂವರು ಆಪರೇಟರು

"ಚಾನೆಲ್ ಶುರುಮಾಡೋದು ಕಷ್ಟವೇ ಸಾರ್?" ಎನ್ನುತ್ತಾನೆ ಹೊಸ ಹವ್ಯಾಸಿ. ಏನೂ ಇಲ್ಲಪ್ಪ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ರೂಪಿಸಿದ ಐಆರ್‌ಸಿ ಎಂಬ ಅಂತರ್ಜಾಲ ಹರಟೆ ವ್ಯವಸ್ಥೆಯಲ್ಲಿ 'ಜಾಯಿನ್' ಆಜ್ಞೆಯ ಜೊತೆ ಹ್ಯಾಷ್ ಗುರುತು, ಒಂದು ಹೆಸರು ಟೈಪಿಸಿದರೆ ಸಾಕು. ಆ ಹೆಸರಿನ ಚಾನೆಲ್, ಅಂದರೆ ಹರಟೆಕೋಣೆ, ಇಲ್ಲದಿದ್ದರೆ ಅಲ್ಲೇ ಹುಟ್ಟುತ್ತದೆ, ಮೊದಲು ಹೊಕ್ಕವನೇ ಆಪರೇಟರ್. ಚುನಾವಣೆಯಿಲ್ಲ, ಠೇವಣಿಯಿಲ್ಲ. ಹೊರದಬ್ಬುವ ಅಧಿಕಾರ, ದಬ್ಬಿಸಿಕೊಳ್ಳುವ ಜನ ಬರುವ ಮೊದಲೇ ಕೈಗೆ ಬಂದಿರುತ್ತದೆ. ಅದಕ್ಕೇ ಹಳೇ ರೇಡಿಯೊ ರಿಪೇರಿಯ ನಾಲ್ವರ ಬಳಗದಲ್ಲೂ ಮೂವರು ಆಪರೇಟರುಗಳು, 12 ನಿಯಮಗಳು, ಬಾಯಿಬಿಡಲು ಹೆದರುವ ಒಬ್ಬ ಸದಸ್ಯ.

"ನಿಯಮ ಇಲ್ಲದಿದ್ರೆ ಸಂತೆಯಾಗಲ್ವೇ?" ಆಗಲಿ ಬಿಡು, ಸಂತೆಯಲ್ಲಿ ವ್ಯಾಪಾರವಾದರೂ ನಡೆಯುತ್ತದೆ. "ಸ್ಪ್ಯಾಮ್ ತಡೆಯೋರ್ಯಾರು?" ಈ ಪ್ರಶ್ನೆಗೆ ತೂಕವಿದೆ; ಕಾವಲುಗಾರ ಬೇಕೇ ಬೇಕು. ಆದರೆ ಕಾವಲಿನವನು ಯಜಮಾನಿಕೆಗಿಳಿದರೆ ಜನ ಕೂರುವುದಿಲ್ಲ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಹಿಡಿತಕ್ಕಾಗಿ ಜಗಳವೆದ್ದಾಗ ಅಲ್ಲಿನ ಸ್ವಯಂಸೇವಕರು ರಾಜೀನಾಮೆಯಿತ್ತು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಉಬುಂಟು, ವಿಕಿಮೀಡಿಯದಂಥ ಬಳಗಗಳೂ ಹಿಂದೆಯೇ ಗಂಟುಮೂಟೆ ಕಟ್ಟಿದವು. ಸರ್ವರುಗಳು ಉಳಿದವು, ಮಾತಾಡುವವರು ಹೋದರು. ಐಆರ್‌ಸಿಯ ಮೂಲ ಕಟ್ಟಳೆಯೂ ಇದೇ: ಕೊನೆಯವನು ಎದ್ದುಹೋದರೆ ಚಾನೆಲ್ಲೂ ಇಲ್ಲ, ಆಪರೇಟರ್ ಪದವಿಯೂ ಇಲ್ಲ.

"ಹಾಗಾದ್ರೆ 13ನೇ ನಿಯಮ ಸೇರಿಸಿಬಿಡ್ಲಾ ಸಾರ್: ಯಾರೂ ಎದ್ದುಹೋಗಬಾರದು?"